ಸ್ಪಿನ್ ಪಕ್ಷ ವಹಿಸಿದ ವೀರೇಶಣ್ಣ

ಗೆಳೆಯರೇ, ಇವತ್ತು ಬೆಳಿಗ್ಗೆ ಗಂಗಾವತಿಯಲ್ಲಿ ನಮ್ಮ ಶರಣಪ್ಪ ತೀರಿಕೊಂಡ. ನಮ್ಮವರ ಪದ್ಧತಿಯಂತೆ ಹಣೆಗೆ ವಿಭೂತಿ ಹಚ್ಚಿ, ಶವವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹನುಮಸಾಗರದಿಂದ ಅವನ ಅಕ್ಕ ಬರಲೆಂದು ಎಲ್ಲರೂ ಕಾಯುತ್ತಿದ್ದೆವು.

ಎದುರಿಗೆ ಕೂತ ವೀರೇಶಣ್ಣ ಮೊಬೈಲಿನಲ್ಲಿ ದನಿ ಅಡಗಿಸಿ ಟೆಸ್ಟ್ ಮ್ಯಾಚ್ ನೋಡುತ್ತಿದ್ದ. ಅವನದು ಫಾಸ್ಟ್ ಬೌಲಿಂಗ್ ಪಕ್ಷ, ಶರಣಪ್ಪನದು ಸ್ಪಿನ್. ಚಹಾದಂಗಡಿಯಲ್ಲಿ ಇವರಿಬ್ಬರ ಜಗಳ ತಪ್ಪಿದ ದಿನವಿರಲಿಲ್ಲ.

ರೂಢಿ ಎಲ್ಲಿ ಬಿಡುತ್ತದೆ? "ಫಾಸ್ಟ್ ಬೌಲರ್ ಇಲ್ಲದ ಟೆಸ್ಟ್ ಗೆಲ್ಲಾಕ ಆಗಂಗಿಲ್ಲ ನೋಡ್ರಿ" ಎಂದುಬಿಟ್ಟ. ಶರಣಪ್ಪನ ಅಳಿಯ, ಪಾಪ, ಮಾವನ ಪರ ಮಾತಾಡಲು ಹೋದ.

"ಸ್ಪಿನ್ನರೂ ಬೇಕಲ್ರಿ ಕಾಕಾ. ಫಾಸ್ಟ್ ಬೌಲರ್ ದಣಿದಾಗ ನಾಕು ಓವರ್ ಹಾಕಾಕ."

ವೀರೇಶಣ್ಣನಿಗೆ ಸಿಟ್ಟು ನೆತ್ತಿಗೇರಿತು. "ನಾಕು ಓವರ್ ಹಾಕಾಕೇನ್ರಿ ಅಳ್ಯಾರ? ಐದನೇ ದಿನ ಪಿಚ್ ಬಿರುಕು ಬಿಟ್ಟು, ಬಾಲ್ ಹಳೇದಾದಾಗ ಮ್ಯಾಚ್ ಗೆಲ್ಲಿಸಾಂವ ಯಾರು? ಸ್ಪಿನ್ನರ್ ಅಂದ್ರ ಆಸೆ ತೋರಸ್ತಾನ್ರಿ, ಕ್ರೀಸ್ ಬಿಟ್ಟು ಮುಂದ ಕರೀತಾನ, ಆಮ್ಯಾಲೆ ಕೆಡವ್ತಾನ!"

ಅಷ್ಟೂ ಶರಣಪ್ಪನದೇ ಮಾತು. ಬೆರಳು ತಿರುಗಿಸಿ ತೋರಿಸುವ ಪರಿಯೂ ಅವನದೇ. ಭಜನೆಯವರು ತಾಳ ನಿಲ್ಲಿಸಿ ಇವನನ್ನೇ ನೋಡಿದರು.

ಮಾತು ಮುಗಿಸಿದ ವೀರೇಶಣ್ಣ, ಚಹಾದಂಗಡಿಯಲ್ಲಿ ಮಾಡುತ್ತಿದ್ದಂತೆ, ಶರಣಪ್ಪನ ಕಡೆ ತಿರುಗಿದ. ತಿರುಗಿದವನು ಹಾಗೇ ಉಳಿದ.

ಇಷ್ಟು ವರ್ಷ ಜಗ್ಗದವನು ಇವತ್ತು ಸ್ಪಿನ್ನಿಗೆ ಸೋತ. ಗೆದ್ದವನು ಎದುರಿಗೇ ಕೂತಿದ್ದ, ತುಟಿ ಪಿಟಕ್ಕೆನ್ನಲಿಲ್ಲ.