ಅತ್ತೆ ನೋಡದ ಸಮುದ್ರ

“ನೀರು ಇಳಿಯೋ ಹೊತ್ತಲ್ಲಿ ದಡದ ಮೇಲೆ ನಿಂತು ಗಾಳ ಎಸೀಬೇಕು ಕಣೋ” ಎಂದು ರಾಜಾಜಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಗಂಡ ಗೆಳೆಯನಿಗೆ ವಿವರಿಸುತ್ತಿದ್ದರು. ರಜೆಯಲ್ಲಿ ಅವರಿಬ್ಬರೇ ಮಲ್ಪೆಗೆ ಹೊರಟಿದ್ದರು. ಕಾಫಿ ಕೊಡಲು ಬಂದ ನನಗೆ ಹೊಟ್ಟೆ ಉರಿಯಿತು. ಮಲ್ಲತ್ತಹಳ್ಳಿ ಕೆರೆಯಲ್ಲಿ ಗಾಳ ಹಾಕುತ್ತಲೇ ಬೆಳೆದವಳು ನಾನು. ಅವರು ಮೀನನ್ನು ತಟ್ಟೆಯಲ್ಲಿ ಮಾತ್ರ ಕಂಡವರು. “ನಾನೂ ಬರ್ತೀನಿ” ಎಂದುಬಿಟ್ಟೆ. ಗಂಡ ನಕ್ಕರು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಕರ್ಕೊಂಡ್ ಹೋಗೋ. ನಾನಂತೂ ಸಮುದ್ರ ನೋಡ್ಲಿಲ್ಲ, ಅವಳಾದ್ರೂ ನೋಡ್ಲಿ.” ನಾನೂ ಹೊರಟೆ.

ನನ್ನ ಗಾಳಕ್ಕೆ ಮೀನು ಬಿತ್ತು. ಮನೆಗೆ ಬಂದು ಸಂಭ್ರಮದಿಂದ ಹೇಳುತ್ತಿದ್ದಂತೆ ಅತ್ತೆ ಮುಖ ತಿರುಗಿಸಿ ಒಳಗೆ ಹೋದರು. ಆ ಉರಿ ಎಂಥದೆಂದು ನನಗೆ ಗೊತ್ತಿತ್ತು. ಮುಂದಿನ ರಜೆಯಲ್ಲಿ ಅವರನ್ನೂ ಮಲ್ಪೆಗೆ ಕರೆದೊಯ್ದು, ಕೈಹಿಡಿದು ಅಲೆಗಿಳಿಸಿದೆ. ಅವರು ದಡಕ್ಕೆ ಬರಲೊಲ್ಲರು; ಗಾಳ ಎಸೆಯಲು ನನಗೆ ಪುರುಸೊತ್ತೇ ಸಿಗಲಿಲ್ಲ.