ಬೇಲಿಯೊಳಗೆ ಯಾರು

ಕಲ್ಯಾಣದುರ್ಗದ ಸುತ್ತಮುತ್ತ ಯಾರು ಬೇಲಿ ಹಾಕಿದರೂ, ಪಕ್ಕದಲ್ಲಿ ಏನು ನೆಡಬೇಕೆಂದು ಈರಲಿಂಗಪ್ಪನನ್ನೇ ಕೇಳುತ್ತಿದ್ದರು. ಎಪ್ಪತ್ತರ ಹತ್ತಿರದ ಆಸಾಮಿ. ಗೂಟ ಅಲ್ಲಾಡಿಸಿ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ನೋಡಿ, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದ: "ಬೇಲಿ ಆಚೆಯಿಂದ ಏನ್ ಬತ್ತದೆ?" ಮೇಕೆಯೆಂದರೆ ಒಂದು ಗಿಡ, ಹಂದಿಯೆಂದರೆ ಇನ್ನೊಂದು. ಕರಡಿಯೆಂದರೆ ಗಿಡದ ಜೊತೆ ಕಥೆಯೂ ಬಿಟ್ಟಿ. ಅವನ ಕಳ್ಳಿಸಾಲು ಕಂಡ ಕರಡಿಯೊಂದು ಮೂರು ದಿನ ಸಂದಿ ಹುಡುಕಿ, ಬೇಸತ್ತು, ಷೇರ್ ಜೀಪ್ ಹತ್ತಿ ಊರು ಬಿಟ್ಟಿತಂತೆ. ಡ್ರೈವರು ಅದಕ್ಕೆ ಮುಂದಿನ ಸೀಟೇ ಕೊಟ್ಟನಂತೆ.

ಹಿಂದೂಪುರದಲ್ಲಿರುವ ಮೊಮ್ಮಗಳು ತನುಜಾ ಮನೆ ಮುಂದೆ ಮರದ ಪಟ್ಟಿಗಳ ಬೇಲಿ ಹಾಕಿಸಿದ್ದಳು. ಸಂಜೆಬಿಸಿಲಿಗೆ ಪಟ್ಟಿಗಳು ಸೀಳುತ್ತಿದ್ದವು, ಸಂದಿಯಲ್ಲಿ ಬೀದಿಯ ಮೇಕೆಗಳು ತಲೆ ತೂರಿಸುತ್ತಿದ್ದವು. ತಾತ ಎಂದಿನಂತೆ ಕೇಳಿದ. ಮೇಕೆ ಎಂದಳು. ಅಷ್ಟಕ್ಕೇ ತೀರ್ಮಾನವಾಯಿತು. ಕಡ್ಡಿಗಳ್ಳಿ ಕತ್ತರಿಸಿ, ಕಡಿದ ತುದಿಯ ಹಾಲು ಒಣಗಲೆಂದು ವಾರ ನೆರಳಲ್ಲಿಟ್ಟು, ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ಭಾನುವಾರ ಅಂಗಳದ ಮಗ್ಗುಲಿಗೆ, ಬೇಲಿಯ ಪಟ್ಟಿಗಳಿಗೆ ತಾಗದಂತೆ ಒಂದಡಿ ಬಿಟ್ಟು ನೆಟ್ಟ. ಹಸಿರು ಪೆನ್ಸಿಲ್‌ಗಳಂತೆ ಮುದ್ದಾಗಿವೆ ಎಂದು ಮೊಮ್ಮಗಳು ಫೋಟೋ ತೆಗೆದಳು. ತಾತ ಸಂಜೆಯ ಬಸ್ಸಿಗೆ ಊರಿಗೆ ಮರಳಿದ.

ಸೋಮವಾರ ಬೆಳಕು ಹರಿಯುವಾಗ ಹೆಂಡತಿ ಬೀರಕ್ಕ ಕಾಫಿ ಕೊಡುತ್ತಾ, ತನುಜಾ ಆ ಅಂಗಳದಲ್ಲಿ ಇವತ್ತು ಚಿಕ್ಕಮಕ್ಕಳ ಶಾಲೆ ಶುರುಮಾಡುತ್ತಾಳೆ, ಹತ್ತು ಗಂಟೆಗೆ ಹನ್ನೆರಡು ಕೂಸುಗಳು ಬರುತ್ತವಂತೆ ಎಂದಳು. ಈರಲಿಂಗಪ್ಪನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಮಕ್ಕಳಾ? ನಂಗ್ಯಾಕೆ ಯೇಳ್ಲಿಲ್ಲ?"

"ನೀನ್ ಕೇಳಿದ್ರೆ ತಾನೆ."

ಜೊತೆಗಾರ ರಾಮಲಿಂಗಯ್ಯನ ಎಡಗಣ್ಣು ಚಿಕ್ಕಂದಿನಲ್ಲಿ ಹೋದದ್ದು ಆ ಕಳ್ಳಿಹಾಲು ಸಿಡಿದೇ. ಅದೊಂದನ್ನು ಈರಲಿಂಗಪ್ಪ ಯಾವ ಕಥೆಗೂ ಸೇರಿಸಿದವನಲ್ಲ.

ಸಿಕ್ಕ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹನ್ನೊಂದು ಸಲ ಮೊಮ್ಮಗಳಿಗೆ ಫೋನು ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಪರಿಚಯದ ಕಂಡಕ್ಟರ್ ಜಯಚಂದ್ರ ಟಿಕೆಟ್ ಹರಿದು, ಕರಡಿ ಈಗ ಯಾವ ಊರಲ್ಲಿದೆ ಎಂದು ಕೆಣಕಿದ. ಈರಲಿಂಗಪ್ಪ ಕಥೆ ಬಿಟ್ಟು ಮತ್ತೆ ಫೋನು ಒತ್ತಿದ. ಮುದುಕನಿಗೆ ಹುಷಾರಿಲ್ಲವೆಂದು ಜಯಚಂದ್ರ ಕಿಟಕಿಯ ಸೀಟು ಕೊಡಿಸಿದ.

ಅವನು ಗೇಟು ಮುಟ್ಟಿದಾಗ ಹತ್ತು ದಾಟಿತ್ತು. ಅಂಗಳದ ತುಂಬ ಅಳು, ಗದ್ದಲ. ತನುಜಾ ಆಚೆ ಮೂಲೆಯಲ್ಲಿ ಯಾವುದೋ ಕೂಸನ್ನು ಸಮಾಧಾನ ಮಾಡುತ್ತಿದ್ದಳು. ಬೇಲಿಯ ಬಳಿ ಮೂರು ವರ್ಷದ ಮೇಘನಾ ಒಬ್ಬಳೇ. ಕೈಯಲ್ಲಿ ಮುರಿದ ಕಳ್ಳಿಕಡ್ಡಿ, ಬೆರಳ ಮೇಲೆಲ್ಲ ಬಿಳಿ ಹಾಲು. ಬೆವರಿಗೆ ಕೂದಲು ಕಣ್ಣಿಗೆ ಬೀಳುತ್ತಿತ್ತು. ಕೈ ಮೇಲೇಳುತ್ತಿತ್ತು.

ಕೂಗಿದರೆ ಬೆಚ್ಚಿ ಕಣ್ಣುಜ್ಜುತ್ತಾಳೆ. ಈರಲಿಂಗಪ್ಪ ಗೇಟಿನಲ್ಲೇ ಕುಕ್ಕರಗಾಲಲ್ಲಿ ಕೂತು, ಗುಟ್ಟು ಹೇಳುವವನಂತೆ ಶುರುಮಾಡಿದ.

"ಪುಟ್ಟಮ್ಮಾ, ಅಲ್ಲಾಡ್ಬ್ಯಾಡ. ಬೀದೀಲಿ ಕರಡಿ ಬಂದೈತೆ. ಎಲ್ಡೂ ಕೈ ಅಗಲಕ್ಕೆ ಚಾಚ್ಕಂಡ್ ನಿಂತೋರ್ನ ಅದು ಮರ ಅಂದ್ಕಂತದೆ."

ಕಡ್ಡಿ ಕೆಳಗೆ ಬಿತ್ತು. ಪುಟ್ಟ ಕೈಗಳು ಕೊಂಬೆಗಳಂತೆ ಚಾಚಿದವು.

"ಎಲುಗುಬಂಟಿ ಎಕ್ಕಡ, ತಾತಾ?" ಮೇಘನಾ ತೆಲುಗಿನಲ್ಲಿ ಕೇಳುತ್ತಾ ಬೀದಿಯಲ್ಲಿ ಕರಡಿ ಹುಡುಕಿದಳು.

"ಜೀಪಲ್ಲೈತೆ. ಮುಂದಿನ್ ಸೀಟು."

ಅವನು ಒಂದೊಂದೇ ಹೆಜ್ಜೆ ಸರಿದ. ಅವಳ ಕೆನ್ನೆಯ ಮೇಲೊಂದು ನೊಣ ಕೂತಿತು. ಮೊಣಕೈ ಮಡಚಿತು.

"ನೊಣ ಕೂತ್ರೆ ಮರ ಕೆರ್ಕಂತದಾ?"

ಮೊಣಕೈ ನೆಟ್ಟಗಾಯಿತು. ಮರುಗಳಿಗೆ ಎರಡೂ ಮಣಿಕಟ್ಟುಗಳು ಮುದುಕನ ಮುಷ್ಟಿಯಲ್ಲಿದ್ದವು. ಆಗ ಮಾತ್ರ ಅವನು ತನುಜಾಳನ್ನು ಕೂಗಿದ.

ಸೋಪು ಹಚ್ಚಿ ಮೂರು ಸಲ ಕೈ ತೊಳೆಸಿದರು. ಮಕ್ಕಳನ್ನೆಲ್ಲ ಒಳಗೆ ಕೂಡಿ, ಈರಲಿಂಗಪ್ಪ ಕೈಗೆ ಗೋಣಿ ಸುತ್ತಿಕೊಂಡು ಒಂದು ಕಡ್ಡಿಯನ್ನೂ ಬಿಡದೆ ಕಿತ್ತ. ವಿಷಯ ತಿಳಿದ ತನುಜಾ ಅಳುತ್ತಾ ನಿಂತಿದ್ದಳು.

"ತಪ್ಪು ನಿಂದಲ್ಲ ಕಣಮ್ಮ," ಎಂದ. "ಮೇಕೆ ಇಚಾರ ಕೇಳ್ದೆ. ಒಳಗೆ ಯಾರವ್ರೆ ಅಂತ ಕೇಳ್ಬೇಕಾಗಿತ್ತು."

ಆಮೇಲೆ ಬೇಲಿಗೆ ತೊಂಡೆಬಳ್ಳಿ ಹಬ್ಬಿಸಿದ. ನೆಡುವ ಮೊದಲು ತಾಯಂದಿರನ್ನು ಕರೆದು, ಅವರೆದುರಿಗೇ ಎಲೆ ಅಗಿದು ನುಂಗಿದ. ಬಳ್ಳಿಯ ಅರ್ಧವನ್ನು ಮೇಕೆಗಳು ಆಚೆಯಿಂದ ತಿನ್ನುತ್ತವೆ, ತಿನ್ನಲಿ ಎನ್ನುತ್ತಾನೆ. ಬೀದಿಯಲ್ಲಿ ಜೀಪು ಹೋದಾಗಲೆಲ್ಲ ಮೇಘನಾ ಬಳ್ಳಿಯ ಪಕ್ಕ ಕೈ ಚಾಚಿ ಮರವಾಗುತ್ತಾಳೆ.