ಗಂಗತ್ತೆಯ ಕೈತುತ್ತು

ಗಂಗತ್ತೆ ತಮ್ಮ ಬಲಗೈಯನ್ನು ಬಲು ಜೋಪಾನವಾಗಿ ಇಟ್ಟುಕೊಂಡಿದ್ದರು. ಕೊಡ ಎತ್ತುವುದು, ಕಸ ಬಳಿಯುವುದು, ಓಣಿಯ ಹುಡುಗರ ಬೆನ್ನಿಗೆ ಗುದ್ದುವುದು, ಇವೆಲ್ಲ ಎಡಗೈಯ ಪಾಲು. ಬಲಗೈ ಇದ್ದದ್ದು ಉಣಿಸುವುದಕ್ಕೆ. ಅದು ಮುದ್ದತ್ತಿನ ಜ್ವರವನ್ನು ಗೆದ್ದ ಕೈ ಎಂದು ಬೆಟಗೇರಿಯ ನಮ್ಮ ಓಣಿಯೆಲ್ಲ ನಂಬಿತ್ತು.

ಅವರು ನನ್ನ ಗಂಡನ ಸೋದರತ್ತೆ. ಹೊಳೆಯ ದಂಡೆಯ ಹಮ್ಮಿಗಿ ಎಂಬ ಊರಿಗೆ ಕೊಟ್ಟಿದ್ದರು. ಅಲ್ಲಿ ಗಂಡ ಹೆಂಡತಿ ಇಬ್ಬರಿಗೂ ಆ ಜ್ವರ ಬಂತು. ಈಗ ಟೈಫಾಯ್ಡ್ ಎನ್ನುತ್ತಾರಲ್ಲ, ಅದೇ. ಅದರ ಮೂರು ವಾರದ ಮುದ್ದತ್ತು ಮುಗಿಯುವ ತನಕ ಗಂಜಿಯ ತಿಳಿ ಕುಡಿದು ದೇವರ ಹೆಸರು ಹೇಳುತ್ತಾ ಮಲಗುವುದೇ ಆಗಿನ ಔಷಧ. ಗಂಡ ಹೋದರು, ಇವರು ಉಳಿದು ತವರಿಗೆ ಬಂದರು. “ಅದು ನನ್ನ ನೋಡಿ ಅಂಜಿ ಓಡಿ ಹೋತು” ಎನ್ನುತ್ತಿದ್ದರು. ಗಂಡನ ಮಾತು ತೆಗೆದರೆ, “ಅವರು ಮೊದಲಿಂದನೂ ಮೆತ್ತಗಿನ ಮನಿಷ್ಯಾ” ಎಂದು ಅಷ್ಟಕ್ಕೇ ಮುಗಿಸುತ್ತಿದ್ದರು.

ಸ್ವಾತಂತ್ರ್ಯ ಬಂದ ವರ್ಷ ನಾನು ಲಕ್ಷ್ಮೇಶ್ವರದಿಂದ ಆ ಮನೆಗೆ ಸೊಸೆಯಾಗಿ ಬಂದೆ. ಜ್ವರ ಮಾತ್ರ ಸ್ವಾತಂತ್ರ್ಯಕ್ಕೆ ಮೊದಲೂ ಓಣಿಯಲ್ಲಿತ್ತು, ಆಮೇಲೂ ಇತ್ತು. ಯಾರ ಮನೆಯಲ್ಲಾದರೂ ಒಬ್ಬರು ಮಲಗಿದರೆಂದು ಗೊತ್ತಾದ ಕೂಡಲೇ ಉಳಿದ ಮನೆಯ ತಾಯಂದಿರು ಮಕ್ಕಳನ್ನು ಗಂಗತ್ತೆಯ ಮುಂದೆ ತಂದು ಕೂರಿಸುವರು. ಜ್ವರ ಗೆದ್ದವರ ಕೈತುತ್ತು ಉಂಡ ಮಗುವಿನ ಹತ್ತಿರ ಜ್ವರ ಸುಳಿಯುವುದಿಲ್ಲ ಎಂಬುದು ಅಲ್ಲಿಯ ಪದ್ಧತಿ. ಅವರು ಮೊಸರನ್ನ ಕಲಸಿ, ಉಂಡೆ ಕಟ್ಟಿ, “ಬಾಯಿ ತಗಿ, ನಮ್ಮಪ್ಪಾ” ಎನ್ನುವರು. ಗಿಣಿಮರಿಗಳ ಹಾಗೆ ಮಕ್ಕಳು ಬಾಯಿ ತೆರೆಯುತ್ತಿದ್ದವು. ನನ್ನ ಮಗ ಬಸು ಅನ್ನ ಉಣ್ಣತೊಡಗಿದ ಮೇಲೆ ಅವನದೂ ಒಂದು ಬಾಯಿ ಅಲ್ಲಿ ಸೇರಿತು.

ಅಷ್ಟರಲ್ಲಿ ಓಣಿಗೆ ಒಬ್ಬ ಹೊಸ ಡಾಕ್ಟರು ಬಂದರು. ಸೈಕಲ್ ಮೇಲೆ ಬಂದು ಬಾವಿಗಳಿಗೆ ಬಿಳಿ ಪುಡಿ ಹಾಕಿಸಿದರು. ಓಣಿಯ ಚಹಾ ಕೆಟ್ಟಿತು, ಜ್ವರ ನಿಲ್ಲಲಿಲ್ಲ. ಜ್ವರ ಬರದ ಹಾಗೆ ಎಲ್ಲರಿಗೂ ಸೂಜಿ ಹಾಕುತ್ತೇನೆಂದು ಕೂತರು. ಮೊದಲು ಹಾಕಿಸಿಕೊಂಡವರ ತೋಳು ಬಾತದ್ದು ನೋಡಿ ಉಳಿದವರೆಲ್ಲ ಹೊಲಕ್ಕೆ ಹೋದರು. ಆ ವರ್ಷ ಬಾಜೂ ಮನೆಯ ಕಾಳವ್ವನ ಮಗಳು ಶಾಂತಾ ಅದೇ ಜ್ವರದಲ್ಲಿ ತೀರಿಕೊಂಡಳು. ಅದರ ಹಿಂದೆಯೇ ನಮ್ಮ ಬಸು ಮಲಗಿದ.

ಹೊಸದಾಗಿ ಬಂದಿದ್ದ ಗುಳಿಗೆಯನ್ನು ಡಾಕ್ಟರು ಹುಬ್ಬಳ್ಳಿಯಿಂದ ತರಿಸಿ ಕೊಟ್ಟರು. ಬಸು ಉಳಿದ. ಅವನ ಜ್ವರ ಇಳಿದ ದಿನ ಡಾಕ್ಟರು ನನ್ನನ್ನು ಕೇಳಿದರು.

“ಈ ಕೂಸು ಹೊರಗ ಯಾರ ಕೈಯಾಗ ಉಂಡಾನ?”

“ಹೊರಗ ಯಾರ ಕಡೆನೂ ಉಣ್ಣಂಗಿಲ್ರಿ. ನಮ್ಮ ಅತ್ತಿ ತುತ್ತು, ಅಷ್ಟ.”

“ಬಾಜೂ ಮನಿ ಹುಡುಗಿ?”

“ಆಕಿನೂ ಅತ್ತಿ ಕೈಯಾಗನ ಉಣತಿದ್ಲ್ರಿ.”

ಡಾಕ್ಟರು ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು, ಅದರಲ್ಲಿ ಗಂಗತ್ತೆಯ ಮಲ ಬೇಕು, ಪುಣೆಗೆ ಕಳಿಸಿ ಪರೀಕ್ಷೆ ಮಾಡಿಸಬೇಕು ಎಂದರು.

“ಎಂಥಾ ನಾಚಿಕಿಲ್ದಾಂವ ಅದಾನವಾ ಇವಾ!” ಎಂದರು ಗಂಗತ್ತೆ. ಮರುದಿನ ಬಾಟಲಿಯನ್ನು ಅರಿವೆಯಲ್ಲಿ ಸುತ್ತಿ ಕೊಟ್ಟು, “ನಾ ಹುಬ್ಬಳ್ಳಿ ದಾಟಿಲ್ಲ. ಇದು ಪುಣೆಕ ಹೊಂಟೈತಿ ನೋಡು” ಎಂದರು. ನಮ್ಮ ಮನೆಯಿಂದ ಪುಣೆಗೆ ಹೋದದ್ದು ಅದೇ ಮೊದಲು.

ಉತ್ತರ ಬಂದಾಗ ಡಾಕ್ಟರು ನೆಲದ ಮೇಲೆ ಕೂತು ಹೇಳಿದರು. “ಅವ್ವಾರ, ಜ್ವರ ಹೋಗೈತ್ರಿ, ಕ್ರಿಮಿ ಹೋಗಿಲ್ಲ. ನಿಮ್ಮ ಪಿತ್ತಕೋಶದಾಗ ಮನಿ ಮಾಡ್ಯಾವ. ನಿಮಗ ಏನೂ ಮಾಡಂಗಿಲ್ಲ. ಹೊರಕಡೆಗೆ ಹೋದಾಗ ಎಡಗೈಗೆ ಹತ್ತತಾವ, ಬರೇ ನೀರಿಲೆ ತೊಳದ್ರ ಬಲಗೈಗೂ ಬರತಾವ, ಅಲ್ಲಿಂದ ಅನ್ನಕ್ಕ ಹೋಗತಾವ.”

ಗಂಗತ್ತೆ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. “ಹಂಗಾರ ನಾ ಗೆದ್ದಿಲ್ಲ ಅನ್ರಿ. ಅದು ನನ್ನ ಕಡೆನ ಉಣಕೋತ ಕುಂತೈತಿ.”

ಗುಳಿಗೆಗೆ ಅವು ಜಗ್ಗುವುದಿಲ್ಲ, ಆಪರೇಶನ್ ಮಾಡಿ ಪಿತ್ತಕೋಶ ತೆಗೆಸಬಹುದು ಎಂದರು ಡಾಕ್ಟರು. “ಅದನ್ನ ತಗದ್ರ ನಾ ಸಿಟ್ಟು ಎಲ್ಲಿ ಇಟ್ಕೊಳ್ಲಿ?” ಎಂದರು ಇವರು. ಆಮೇಲೆ ದನಿ ತಗ್ಗಿಸಿ, “ಶಾಂತಾ?” ಎಂದು ಕೇಳಿದರು.

“ಅದು ಹೇಳಾಕ ಬರಂಗಿಲ್ರಿ.”

“ಬರ್ತೈತಿ. ನೀವು ಹೇಳವಲ್ರಿ.”

ಅಂದಿನಿಂದ ಅವರು ಒಲೆಯ ಕಡೆ ಹೋಗಲಿಲ್ಲ, ಯಾರ ಮಗುವಿಗೂ ತುತ್ತು ಹಾಕಲಿಲ್ಲ. ಓಣಿಗೆ ಇದು ಸರಿಬರಲಿಲ್ಲ. ಗಂಗವ್ವನಿಗೆ ಸೊಕ್ಕು ಬಂದಿದೆ ಎಂದರು. ಒಂದು ದಿನ ಕಾಳವ್ವನೇ ಉಳಿದಿದ್ದ ಒಬ್ಬ ಮಗನನ್ನು ಎತ್ತಿಕೊಂಡು ಬಂದಳು. “ಗಂಗವ್ವಾರ, ಡಾಕ್ಟರಗ ಏನ್ ತಿಳಿತೈತ್ರಿ? ಇವಗ ಒಂದ ತುತ್ತು ಹಾಕ್ರಿ. ಇವನೊಬ್ಬನ ಉಳದಾನ.”

ಗಂಗತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. “ಕಾಳವ್ವಾ, ನಿನ್ನ ಮಗಳು ಹೋಗಿದ್ದು ನನ್ನ ಕೈಯಿಂದನ ಇರಬೇಕು. ನೀರು ಕಾಸಿ ಕುಡಸು, ಸಾಬಣ ಹಚ್ಚಿ ಕೈ ತೊಳಿ, ಇವಗ ಸೂಜಿ ಹಾಕಸು. ಇನ್ಮ್ಯಾಲೆ ಇಷ್ಟ ನನ್ನ ತುತ್ತು.”

ಕಾಳವ್ವ ಮಗುವನ್ನು ಎತ್ತಿಕೊಂಡು ಎದ್ದು ಹೋದಳು. ಮರುದಿನ ನೀರು ಕಾಯಿಸಲು ನಮ್ಮ ದೊಡ್ಡ ಹಂಡೆಯನ್ನು ಕೇಳಿ ತರಿಸಿಕೊಂಡಳು, ಮಗನಿಗೆ ಸೂಜಿಯನ್ನೂ ಹಾಕಿಸಿದಳು. ಗಂಗತ್ತೆಯ ಜೊತೆ ಮಾತು ಮಾತ್ರ ಆಡಲಿಲ್ಲ. ಕರ್ನಾಟಕ ಒಂದಾದ ದಿನ ಓಣಿಯವರೆಲ್ಲ ಸೇರಿ ಗೋದಿ ಹುಗ್ಗಿ ಮಾಡಿದಾಗಲೂ ಆಡಲಿಲ್ಲ. ಗಂಗತ್ತೆ ಕಟ್ಟೆಯ ಮೇಲೆ ದೂರ ಕೂತು, “ಬೆಲ್ಲ ಸಾಲದು” ಎಂದು ಕೂಗುತ್ತಿದ್ದರು. ಅವರು ಕೂಗಿದಾಗಲೆಲ್ಲ ಕಾಳವ್ವ ಬೆಲ್ಲ ಹಾಕುತ್ತಿದ್ದಳು.

ಅದರ ಮರುವರ್ಷ ನನ್ನ ಗಂಡನಿಗೆ ಮುಂಡರಗಿಗೆ ವರ್ಗವಾಯಿತು. ಊರಿಗೆ ಹೊರಟವರಿಗೆ ಮೊಸರನ್ನದ ತುತ್ತು ಕೊಡದೆ ಗಂಗತ್ತೆ ಹಿಂದೆಲ್ಲ ಯಾರನ್ನೂ ಕಳಿಸಿದವರಲ್ಲ. ಆ ದಿನ ಜಂತಿಗೆ ತೂಗುಹಾಕಿದ್ದ ಗೊನೆಯಿಂದ ಒಂದು ಬಾಳೆಹಣ್ಣು ಹರಿದು ತಂದರು. “ಡಾಕ್ಟರನ್ನ ಕೇಳೇನಿ. ಸಿಪ್ಪಿ ಇದ್ದದ್ದು ನಡೀತೈತಂತ.”

ಕಾಲಿಗೆ ಬಿದ್ದು ಎದ್ದ ಬಸು ಹಳೆಯ ರೂಢಿಯಂತೆ ಅವರ ಮುಂದೆ ಬಾಯಿ ತೆರೆದು ನಿಂತ. ಅವರ ಬಲಗೈ ಅವನ ಮುಖದ ತನಕ ಬಂದು ನಿಂತಿತು.

“ನೀನ ಸುಲಕೋ, ನಮ್ಮಪ್ಪಾ” ಎಂದು ಹಣ್ಣನ್ನು ಅವನ ಕೈಯಲ್ಲಿಟ್ಟರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆಗಲೇ. ಅವನು ಸುಲಿದು, ತಿಂದು, ಸಿಪ್ಪೆ ಎಸೆದು ಬರುವ ತನಕ ಅವರ ಬಲಗೈ ಸೆರಗಿನೊಳಗೇ ಇತ್ತು.